ಕಾಲು ಮುಂದಾಗಿ ಹುಟ್ಟಿದವಳ ಸೊಂಟ

ನನ್ನ ಎಡಗಾಲಿನ ಹೆಬ್ಬೆರಳಿನ ಉಗುರು ಚಪ್ಪಲಿಯ ಅಂಚು ದಾಟುವಷ್ಟು ಬೆಳೆದಿತ್ತು. ಬಲಗಾಲನ್ನು ಹೇಗೋ ಮಂಚದ ಮೇಲಿಟ್ಟು ಉಗುರು ಕತ್ತರಿಸಿಕೊಂಡಿದ್ದೆ. ಎಡಗಡೆಗೆ ಬಾಗಲು ಆಗಿರಲಿಲ್ಲ. ಆ ಭಾನುವಾರ ಬೆಳಿಗ್ಗೆ ಅಮ್ಮನ ಕಣ್ಣಿಗೆ ಅದು ಬಿತ್ತು. ಏನೂ ಕೇಳಲಿಲ್ಲ. ಹಿತ್ತಿಲ ಮೆಟ್ಟಿಲ ಮೇಲೆ ನನ್ನನ್ನು ಕೂರಿಸಿ, ಕಾಲನ್ನು ತನ್ನ ತೊಡೆಯ ಮೇಲೆಳೆದುಕೊಂಡು, ಒಂದೊಂದೇ ಉಗುರನ್ನು ಕತ್ತರಿಸಿದಳು. ಎದ್ದು ಹೋಗುವಾಗ ಮಾತ್ರ, ಅವರು ಬಂದಾಗ ಚಾಪೆಯ ಮೇಲೆ ಕೂರಲು ಹೋಗಬೇಡ, ಗೋಡೆಗೆ ಒರಗಿ ನಿಂತಿರು, ನಾಚಿಕೆ ಅಂದುಕೊಳ್ಳುತ್ತಾರೆ ಎಂದಳು.

ಅವರು ಎಂದರೆ ನನ್ನನ್ನು ಮದುವೆಯಾಗಬೇಕಿದ್ದವರ ತಾಯಿ ತಂದೆ. ಅರಕಲಗೂಡು ಕಡೆಯ ಬೇಸಾಯಗಾರರು. ಮಗ ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಎರಡೂ ಕಡೆ ಒಪ್ಪಿಗೆಯಾಗಿತ್ತು. ಅವತ್ತು ಹಿರಿಯರು ದಂಡಿಗನಹಳ್ಳಿ ಹತ್ತಿರದ ನಮ್ಮ ಮನೆಗೆ ಬಂದು, ಲಗ್ನ ಕಟ್ಟಿಸುವ ದಿನ ಗೊತ್ತುಮಾಡಿಕೊಂಡು ಹೋಗುವುದಿತ್ತು. ನನ್ನ ಸೊಂಟದ ವಿಷಯ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮೊದಲ ಸಲ ಅದು ಬಂದಾಗ ನಾನು ಹಾಸನದ ಮಣ್ಣು ಪರೀಕ್ಷೆಯ ಪ್ರಯೋಗಾಲಯಕ್ಕೆ ಸೇರಿ ಒಂದು ವರ್ಷವಾಗಿತ್ತು. ಆಲೂಗೆಡ್ಡೆ ಬಿತ್ತನೆಗೆ ಮುಂಚೆ ರೈತರು ಮಣ್ಣು ತಂದು ರಾಶಿ ಹಾಕುತ್ತಾರೆ. ಅಂಥ ಚೀಲಗಳಿದ್ದ ಒಂದು ಬುಟ್ಟಿಯನ್ನು ನೆಲದಿಂದ ಎತ್ತುವಾಗ ಸೊಂಟದೊಳಗೆ ಏನೋ ಜಾರಿದ ಹಾಗಾಯಿತು. ಬುಟ್ಟಿ ಕೈಯಲ್ಲೇ ಇತ್ತು. ಇಳಿಸಲೂ ಆಗಲಿಲ್ಲ, ನೆಟ್ಟಗಾಗಲೂ ಆಗಲಿಲ್ಲ. ಸಹೋದ್ಯೋಗಿಯೊಬ್ಬರು ಬಂದು ಅದನ್ನು ತೆಗೆದುಕೊಳ್ಳುವವರೆಗೆ ಹಾಗೇ ಬಾಗಿ ನಿಂತಿದ್ದೆ. ಎರಡನೆಯ ಸಲಕ್ಕೆ ಕಾರಣವೇ ಇರಲಿಲ್ಲ. ಹಲ್ಲುಜ್ಜಿ ಉಗುಳಲು ಬಾಗಿದ್ದೆ, ಅಷ್ಟೆ. ಆವತ್ತು ನೋವು ಎಡಗಾಲಿನ ಹಿಂಭಾಗದಲ್ಲಿ ಮೀನಖಂಡದವರೆಗೆ ಇಳಿಯಿತು, ಕಾದ ತಂತಿ ಎಳೆದ ಹಾಗೆ. ಬಚ್ಚಲಿನಿಂದ ಮಂಚದವರೆಗೆ ಅಂಬೆಗಾಲಿಟ್ಟುಕೊಂಡು ಹೋದೆ.

ಹಾಸನದ ಮೂಳೆ ವೈದ್ಯರು ಸ್ಕ್ಯಾನ್ ನೋಡಿ, ಬೆನ್ನುಮೂಳೆಯ ಕೆಳಭಾಗದಲ್ಲಿ ಒಂದು ಡಿಸ್ಕ್ ಹೊರಗೆ ಉಬ್ಬಿ ನರವನ್ನು ಒತ್ತುತ್ತಿದೆ ಎಂದರು. ಈಗ ಆಪರೇಷನ್ ಬೇಡ, ವ್ಯಾಯಾಮ ಬಿಡಬೇಡಿ, ಭಾರ ಎತ್ತಬೇಡಿ. ವಾಸಿಯಾಗುತ್ತದಾ ಎಂದು ಅಮ್ಮ ಕೇಳಿದಳು. ಕಮ್ಮಿಯಾಗುತ್ತದೆ, ಮತ್ತೆ ಬರಲೂಬಹುದು ಎಂದರು. ಕಾಲು ಮರಗಟ್ಟಿದರೆ, ಮೂತ್ರ ಹೋಗುವುದು ತಿಳಿಯದಿದ್ದರೆ ಮಾತ್ರ ಒಂದು ಗಂಟೆಯೂ ತಡಮಾಡದೆ ಬನ್ನಿ ಎಂದು ನನ್ನನ್ನು ನೋಡಿ ಹೇಳಿದರು. ಅವತ್ತಿನಿಂದ ಪ್ರತಿ ಬೆಳಿಗ್ಗೆ ಕಣ್ಣು ಬಿಡುವ ಮೊದಲು ಕಾಲ್ಬೆರಳುಗಳನ್ನು ಆಡಿಸಿ ನೋಡುವುದು ಅಭ್ಯಾಸವಾಯಿತು. ಆಮೇಲೆ ಮಗ್ಗುಲಿಗೆ ಹೊರಳಿ, ಕೈಯೂರಿ, ಕಾಲು ಇಳಿಬಿಟ್ಟು ಏಳುತ್ತೇನೆ. ಬಸ್ಸಿನಲ್ಲಿ ಚಕ್ರದ ಮೇಲಿನ ಸೀಟು ಬಿಡುತ್ತೇನೆ. ಹಂಪ್ ಬರುವ ಮೊದಲೇ ಮುಂದಿನ ಸೀಟಿನ ಕಂಬಿ ಹಿಡಿದು ಸ್ವಲ್ಪ ಮೇಲೇಳುತ್ತೇನೆ. ಸೀನು ಬರುವ ಹಾಗಾದರೆ ಮೊದಲು ಮೇಜು ಹಿಡಿಯುತ್ತೇನೆ. ಇದ್ಯಾವುದೂ ನೋಡುವವರಿಗೆ ಗೊತ್ತಾಗುವುದಿಲ್ಲ. ನೋವಿಲ್ಲದ ವಾರಗಳಲ್ಲಿ ನಾನೇ ಮರೆಯಬಹುದಿತ್ತು, ಆದರೆ ಆ ವಾರಗಳಲ್ಲೇ ಮುಂದಿನದು ಯಾವಾಗ, ಎಲ್ಲಿ, ಯಾರೆದುರು ಎಂದು ಹೆಚ್ಚು ಯೋಚಿಸುತ್ತಿದ್ದೆ.

ಮದುವೆಯ ಮಾತು ಶುರುವಾದಾಗ, ಮೊದಲೇ ಹೇಳಿಬಿಡೋಣ ಎಂದಿದ್ದೆ. ಅಮ್ಮ ಒಪ್ಪಲಿಲ್ಲ. ಸೊಂಟನೋವು ಯಾರಿಗಿಲ್ಲ, ಕಳೆ ಕೀಳುವ ಹೆಂಗಸರಿಗೆಲ್ಲ ಇದೆ, ಅವರೆಲ್ಲ ಸ್ಕ್ಯಾನ್ ಮಾಡಿಸಿಕೊಂಡು ಊರಿಗೆಲ್ಲ ಹೇಳಿದ್ದಾರಾ ಎಂದಳು. ನಮ್ಮ ಬೀದಿಯಲ್ಲೇ ಒಬ್ಬಳಿದ್ದಳು. ಮೂರ್ಛೆಯ ಮಾತ್ರೆ ನುಂಗುವುದು ಮದುವೆಯಾದ ಮೇಲೆ ಗಂಡನ ಮನೆಯವರಿಗೆ ಗೊತ್ತಾಗಿ, ಮುಚ್ಚಿಟ್ಟು ಕೊಟ್ಟರು ಎಂದು ತವರಿಗೆ ತಂದು ಬಿಟ್ಟಿದ್ದರು. ಅವಳನ್ನು ನೆನೆದೇ ಅಮ್ಮ ಹೇಳಬೇಡ ಎನ್ನುತ್ತಿದ್ದಳು. ಅವಳನ್ನು ನೆನೆದೇ ನಾನು ಹೇಳಬೇಕು ಎನ್ನುತ್ತಿದ್ದೆ. ಆದರೂ ಹೇಳಿರಲಿಲ್ಲ. ಮೇಷ್ಟ್ರನ್ನು ಎರಡು ಸಲ ಭೇಟಿಯಾಗಿದ್ದೆ. ಎರಡನೆಯ ಸಲ ಅವರ ತಂಗಿಯೂ ಜೊತೆಗಿದ್ದಳು. ಶೆಟ್ಟಿಹಳ್ಳಿಯ ಹಿನ್ನೀರಿನ ಹತ್ತಿರ ಹೋಗಿದ್ದೆವು. ವಾಪಸು ಬರುವಾಗ ಹಾಸನದವರೆಗೆ ಬೈಕಿನಲ್ಲಿ ಬಿಡುತ್ತೇನೆ ಎಂದರು. ಆ ರಸ್ತೆಯ ಗುಂಡಿಗಳನ್ನು ನೆನೆದು, ಬೈಕೆಂದರೆ ನನಗೆ ಭಯ ಎಂದೆ. ಅವರು ನಕ್ಕು, ಬಸ್ಸು ಬರುವವರೆಗೆ ಜೊತೆಯಲ್ಲೇ ನಿಂತರು. ಒಳ್ಳೆಯವರು ಅನ್ನಿಸಿದ್ದೇ ನನ್ನ ಕಳವಳವನ್ನು ಹೆಚ್ಚಿಸಿತು.

ಆ ಭಾನುವಾರ ಹನ್ನೊಂದು ಗಂಟೆಯ ಹೊತ್ತಿಗೆ ಅವರ ತಾಯಿ ತಂದೆ ಬಂದರು. ತಾಯಿ ಕಾರಿನಿಂದ ಇಳಿದ ರೀತಿ ನೋಡಿಯೇ ನನಗೆ ಗೊತ್ತಾಯಿತು. ಮೊದಲು ಎರಡೂ ಕಾಲು ಹೊರಗೆ, ಆಮೇಲೆ ಬಾಗಿಲ ಮೇಲೆ ಕೈ, ಆಮೇಲೆ ಒಂದು ಕ್ಷಣ ನಿಂತು, ಆಮೇಲೆ ನಡಿಗೆ. ಹಾಗೆ ಇಳಿಯುವವಳು ನಾನು. ಶುಂಠಿ ಕೀಳುವಾಗ ಸೊಂಟ ಹಿಡಿದುಕೊಂಡಿದೆ, ನಾಲ್ಕು ದಿನವಾಯಿತು, ದಿನ ಒಳ್ಳೆಯದಿತ್ತು ಅಂತ ಬಂದೆ ಎಂದರು. ಅಮ್ಮ ದಿಂಬು ತರಲು ಹೇಳಿದಳು. ನಾನು ನೀರು ಕೊಟ್ಟು, ದೇವರ ಮುಂದೆ ದೀಪ ಹಚ್ಚಿ, ಹೇಳಿದ ಹಾಗೆ ಗೋಡೆಗೆ ಒರಗಿ ನಿಂತೆ.

ಮಾತು ಬೆಳೆಗೆ ಹೋಯಿತು, ಕೊರವಂಗಲದ ಹತ್ತಿರ ನಮ್ಮ ನೆಂಟರೊಬ್ಬರ ಹೊಲಕ್ಕೆ ಹೋಯಿತು, ಮತ್ತೆ ಸೊಂಟಕ್ಕೆ ಬಂತು. ಅಲ್ಲಿ ಅಮ್ಮ ತಪ್ಪಿದಳು. ನನ್ನ ವಿಷಯದಲ್ಲಿ ಅವಳಿಗೆ ಬಹಳ ಹಿಂದಿನಿಂದ ಒಂದು ಹೆಮ್ಮೆಯಿದೆ, ಅದು ಬಾಯಿ ತಪ್ಪಿ ಬಂದುಬಿಟ್ಟಿತು.

"ನಮ್ ಹುಡ್ಗಿ ಕಾಲು ಮುಂದಾಗಿ ಹುಟ್ಟಿರದು ಕಣಕ್ಕ. ಚಿಕ್ಕೋಳಿದ್ದಾಗ ಸುತ್ತಮುತ್ತ ಊರೋರೆಲ್ಲ ಸೊಂಟ ನೀವಿಸ್ಕೊಳ್ಳೋಕೆ ನಮ್ಮನೆಗೇ ಬರೋರು."

ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಮಾತು. ತಲೆಯ ಬದಲು ಕಾಲು ಮುಂದಾಗಿ ಹುಟ್ಟಿದವರು ಎಡಗಾಲಿನಿಂದ ಮೂರು ಸಲ ನೀವಿದರೆ ಹಿಡಿದುಕೊಂಡ ಸೊಂಟ ಬಿಡುತ್ತದೆ ಎಂದು ನಂಬುತ್ತಾರೆ. ನಾನು ಮಗುವಾಗಿದ್ದಾಗ ಹೊಲದಿಂದ ನೇರ ಬಂದವರು ನಮ್ಮ ಹೊಸಿಲಿನ ಒಳಗೆ ಬೋರಲು ಮಲಗುತ್ತಿದ್ದರು. ಅಮ್ಮ ನನ್ನ ಕಂಕುಳಿಗೆ ಕೈ ಹಾಕಿ ಎತ್ತಿ ಹಿಡಿಯುತ್ತಿದ್ದಳು. ನೀವಿದ ಮೇಲೆ, ಮಲಗಿದ್ದವರು ಹಿರಿಯರಾದ್ದರಿಂದ, ಕಾಲು ತಾಗಿಸಿದ ಪಾಪಕ್ಕೆ ನಾನು ಬಗ್ಗಿ ಅವರ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕಿತ್ತು. ಅವರು ಬೆಲ್ಲದ ಚೂರು ಕೊಡುತ್ತಿದ್ದರು. ಎಷ್ಟು ಜನರಿಗೆ ವಾಸಿಯಾಯಿತೋ ಗೊತ್ತಿಲ್ಲ. ಹೈಸ್ಕೂಲಿಗೆ ಹೋದ ಮೇಲೆ ನಾನೇ ಒಲ್ಲೆ ಎಂದಿದ್ದೆ.

"ಅಂಗಾ? ಇದ ಮೊದ್ಲೇ ಹೇಳೋದಲ್ವಾ?" ಎಂದು ಅವರ ತಾಯಿ ದಿಂಬನ್ನು ಬದಿಗೆ ಸರಿಸಿದರು. "ಬಾರವ್ವ, ಒಸಿ ನೀವ್ಬುಡು. ಸೊಸೆ ಕಾಲಲ್ಲಿ ಒದಿಸ್ಕೊಂಡ್ಳು ಅಂತ ಊರು ನಗಾಡಿದ್ರೆ ನಗಾಡ್ಲಿ, ನಂಗೆ ಸೊಂಟ ಬುಟ್ರೆ ಸಾಕು."

ಗಂಡಸರು ನಕ್ಕರು. ಅವರ ತಂದೆ, ಇನ್ನೂ ಲಗ್ನವೇ ಕಟ್ಟಿಸಿಲ್ಲ, ಆಗಲೇ ಅತ್ತೆಯನ್ನು ತುಳಿಯುವುದಾ ಎಂದು ಛೇಡಿಸುತ್ತಾ ಎದ್ದು ಅಪ್ಪನ ಜೊತೆ ಹೊರಗೆ ಹೋದರು. ಅಮ್ಮನ ಮುಖ ಆಗ ನೋಡಿದೆ. ತಾನು ಏನು ಮಾಡಿದೆ ಎಂದು ಅವಳಿಗೆ ಅಷ್ಟರಲ್ಲಿ ಹೊಳೆದಿತ್ತು. ಕಾಫಿ ಲೋಟ ತರುವ ನೆವದಲ್ಲಿ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ಮುಟ್ಟಾಗಿದ್ದೀನಿ ಅಂದುಬಿಡು ಎಂದು ಪಿಸುಗುಟ್ಟಿದಳು. ಈಗ ತಾನೇ ಅವರೆದುರಿಗೇ ದೇವರಿಗೆ ದೀಪ ಹಚ್ಚಿದ್ದೇನಲ್ಲ ಎಂದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಳು.

ನಡುಮನೆಗೆ ಬಂದಾಗ ಅವರ ತಾಯಿ ಆಗಲೇ ಬೋರಲು ಮಲಗಿದ್ದರು. ಎಡಗಾಲು ಎತ್ತಬೇಕಾದರೆ ಇಡೀ ಭಾರ ಬಲಗಾಲಿನ ಮೇಲೆ ಹೋಗಬೇಕು, ಸೊಂಟ ತಿರುಗಬಾರದು. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೆ. ಹೊಟ್ಟೆ ಬಿಗಿಹಿಡಿದೆ, ವ್ಯಾಯಾಮದಲ್ಲಿ ಕಲಿಸಿದ ಹಾಗೆ. ಮೊದಲನೆಯ ಸಲ ಹಿಮ್ಮಡಿಯನ್ನು ಅವರ ಬೆನ್ನ ಮೇಲಿಟ್ಟು ಕೆಳಕ್ಕೆ ಎಳೆದಾಗ ಏನೂ ಆಗಲಿಲ್ಲ. ಅವರು ಹಾಯ್ ಎಂದು ಉಸಿರುಬಿಟ್ಟರು. ಎರಡನೆಯ ಸಲಕ್ಕೆ ಕಾಲು ಎತ್ತುವಾಗ ಒಳಗೆ ಅದೇ ಜಾಗ ಹಿಡಿಯಿತು. ಕಾಲನ್ನು ಅವರ ಬೆನ್ನ ಮೇಲಿಟ್ಟೆ, ಎಳೆಯಲಾಗಲಿಲ್ಲ, ಎತ್ತಲೂ ಆಗಲಿಲ್ಲ. ನೋವು ತೊಡೆಯಿಂದ ಕೆಳಗೆ ಇಳಿಯುತ್ತಿತ್ತು. ಪಾದ ನಡುಗುತ್ತಿತ್ತು, ಅದನ್ನು ನಿಲ್ಲಿಸಲು ನನ್ನಿಂದಾಗಲಿಲ್ಲ. ಅವರ ಬೆನ್ನಿಗೆ ಅದು ತಿಳಿಯದೆ ಇರಲು ಸಾಧ್ಯವಿರಲಿಲ್ಲ.

"ಯಾಕವ್ವ, ಕಾಲು ಅದುರ್ತಾ ಐತೆ?" ಎಂದರು ನೆಲಕ್ಕೆ ಮುಖವಿಟ್ಟುಕೊಂಡೇ.

ಬಹಳ ದಿನದ ಮೇಲೆ ಮಾಡುತ್ತಿದ್ದಾಳಲ್ಲ, ಭಯ ಎಂದಳು ಅಮ್ಮ. ಅವರು ಕೈಯನ್ನು ಹಿಂದಕ್ಕೆ ತಂದು ನನ್ನ ಪಾದವನ್ನು ಹಿಡಿದು, ಮೆಲ್ಲಗೆ ತಮ್ಮ ಬೆನ್ನಿನಿಂದ ಇಳಿಸಿ ನೆಲದ ಮೇಲಿಟ್ಟರು. ಆಮೇಲೆ ಮಗ್ಗುಲಿಗೆ ಹೊರಳಿ, ಕೈಯೂರಿ ಎದ್ದು ಕೂತರು. ಈಗ ನಾನು ಬಗ್ಗಿ ಅವರ ಪಾದ ಮುಟ್ಟಬೇಕಿತ್ತು. ಚೌಕಟ್ಟು ಬಿಡಲು ಕೈ ಬರಲಿಲ್ಲ. ಅವರು ನನ್ನ ಕೈಯನ್ನು, ನನ್ನ ಮುಖವನ್ನು ನೋಡಿದರು.

"ಎಡಗಾಲಿಗೆ ಇಳೀತದಾ?"

"ಹೂಂ."

"ಎಷ್ಟು ದಿನದಿಂದ?"

"ಎರಡು ವರ್ಷ ಆಯ್ತು, ಅತ್ತೆ. ಬರುತ್ತೆ, ಹೋಗುತ್ತೆ. ಡಿಸ್ಕ್ ತೊಂದರೆ."

ಅಮ್ಮ ಏನೋ ಹೇಳಲು ಹೊರಟಳು. ಅವರು ಅವಳ ಕಡೆ ತಿರುಗಲಿಲ್ಲ.

"ನನ್ ಮಗಂಗೆ ಗೊತ್ತಾ?"

ಇಲ್ಲ ಎಂದೆ. ಅವರು ಸ್ವಲ್ಪ ಹೊತ್ತು ಸೀರೆಯ ನೆರಿಗೆ ಸರಿಮಾಡಿಕೊಂಡರು. ಸಿಟ್ಟೋ, ನೋವೋ, ಅವರ ಮುಖದಲ್ಲಿ ಯಾವುದೆಂದು ಓದಲಾಗಲಿಲ್ಲ. ಹೊರಗಿದ್ದ ಗಂಡಸರಿಗೆ ಕೇಳಬಾರದೆಂದೋ ಏನೋ, ದನಿ ತಗ್ಗಿಸಿ ಹೇಳಿದರು:

"ನಾನು ಹೇಳಾಕಿಲ್ಲ. ನೀನೇ ಹೇಳ್ಬೇಕು. ಬಾಳೋದು ಅವನ ಜೊತೆ, ನನ್ ಜೊತೆ ಅಲ್ಲ. ಅವನು ಹೂಂ ಅನ್ನೋಗಂಟ ಲಗ್ನದ ಮಾತು ಬ್ಯಾಡ."

ಊಟ ಮಾಡಿದರು. ದಿನದ ಮಾತು ಬಂದಾಗ, ಸೊಂಟ ಸ್ವಲ್ಪ ಬಿಡಲಿ, ಮುಂದಿನ ವಾರ ನೋಡೋಣ ಎಂದು ತಾವೇ ಮುಂದೂಡಿದರು. ಹೊರಡುವಾಗ ಅಮ್ಮ ಕುಂಕುಮ ಕೊಟ್ಟಳು, ತೆಗೆದುಕೊಂಡರು. ನನ್ನ ಹತ್ತಿರ ಬಂದು, ಹೋಗಿ ಬರುತ್ತೇನೆ ಎಂದರು. ನಮಸ್ಕಾರಕ್ಕೆ ಬಗ್ಗಬೇಡ ಎಂಬಂತೆ ಭುಜ ಹಿಡಿದು ನಿಲ್ಲಿಸಿದರು. ಅದರಲ್ಲಿ ಕನಿಕರವಿತ್ತೋ, ದೂರವಿತ್ತೋ ಎಂದು ಆ ಮಧ್ಯಾಹ್ನವೆಲ್ಲ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿ ಯೋಚಿಸಿದೆ. ಅಪ್ಪನಿಗೆ ಏನಾಯಿತೆಂದು ಅರ್ಥವಾಗಿರಲಿಲ್ಲ. ಸಂಜೆ ಅಮ್ಮ ರಾಗಿ ಅಂಬಲಿ ತಂದು ಮಂಚದ ಪಕ್ಕ ಇಟ್ಟು, "ನನ್ ಬಾಯೇ ನನಗೆ ಶತ್ರು ಕಣೆ ಮಗಾ," ಎಂದಳು. ಈಗಲೂ ಹುಡುಗನಿಗೆ ಹೇಳದೆ ಇರಬಹುದು, ಆಯಮ್ಮ ಹೇಳುವುದಿಲ್ಲ ಎಂದಿದ್ದಾರಲ್ಲ, ಅವನು ಹೂಂ ಅಂದ ಅಂತ ನಾವೇ ಅವರಿಗೆ ಸುಮ್ಮನೆ ಹೇಳಿಬಿಟ್ಟರೆ ಎಂದು ಅವಳೇ ಶುರುಮಾಡಿ, ಅರ್ಧಕ್ಕೆ ನಿಲ್ಲಿಸಿದಳು.

ಅವರು ಬೇಡ ಅಂದರೆ ಊರಿಗೆ ಕಾರಣ ಗೊತ್ತಾಗುತ್ತದೆ. ಆಮೇಲೆ ಬರುವ ಪ್ರತಿ ಸಂಬಂಧಕ್ಕಿಂತ ಮೊದಲೇ ನನ್ನ ಸೊಂಟ ಹೋಗಿ ನಿಂತಿರುತ್ತದೆ. ಅದಲ್ಲದೆ, ನನಗೆ ಬೇಕಾದದ್ದು ಬೇರೆ ಯಾವ ಸಂಬಂಧವೂ ಆಗಿರಲಿಲ್ಲ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ನನಗೆ ನಾನೂ.

ಮರುದಿನ ಬೆಳಿಗ್ಗೆ ಹೊಳೆನರಸೀಪುರದವರೆಗೆ ಬಸ್ಸಿನಲ್ಲಿ ಕೂರುವ ಸ್ಥಿತಿಯಲ್ಲಿರಲಿಲ್ಲ. ಪ್ರಯೋಗಾಲಯಕ್ಕೆ ರಜೆ ಹೇಳಿ, ಅವರು ಶಾಲೆಗೆ ಹೊರಡುವ ಮೊದಲು ಫೋನ್ ಮಾಡಿದೆ. ಅಮ್ಮ ಅಡುಗೆಮನೆಯಲ್ಲಿದ್ದಳು, ನಾನು ಬಾಗಿಲು ಮುಚ್ಚಲಿಲ್ಲ. ಏನಾಗಿದೆ, ಯಾವಾಗಿನಿಂದ, ವೈದ್ಯರು ಏನೆಂದರು, ಯಾವುದು ಗುಣವಾಗುತ್ತದೆ, ಯಾವುದು ಆಗದಿರಬಹುದು, ಬಸಿರಿನ ಭಾರವನ್ನು ಈ ಸೊಂಟ ತಡೆಯುತ್ತದೋ ಇಲ್ಲವೋ ಎಂಬ ನನ್ನ ಭಯ, ಎಲ್ಲವನ್ನೂ ಹೇಳಿದೆ. ಕಡಿಮೆಮಾಡಿ ಹೇಳಲಿಲ್ಲ. ನಾನು ಮುಗಿಸುವವರೆಗೆ ಕೇಳಿದರು. ಆಮೇಲೆ, ಇದನ್ನು ನನಗೆ ಅರ್ಥಮಾಡಿಕೊಳ್ಳಲು ಸ್ವಲ್ಪ ಸಮಯ ಬೇಕು ಎಂದರು. ಬೇಕು ಎಂದೆ. ನಿಮ್ಮ ಡಾಕ್ಟರ ಹತ್ತಿರ ನಾನೂ ಒಂದು ಸಲ ಕೂತು ಕೇಳಬಹುದಾ ಎಂದು ಕೇಳಿದರು. ಅದು ಒಪ್ಪಿಗೆಯಲ್ಲ ಎಂದು ನನಗೆ ಗೊತ್ತಿತ್ತು.

ಅವರಿಗೆ ಆಸ್ಪತ್ರೆ ಇರುವ ರಸ್ತೆ, ವೈದ್ಯರು ಸಿಗುವ ಹೊತ್ತು ತಿಳಿಸಿದೆ. ಫೋನ್ ಇಟ್ಟು, ಕೂಡಲೇ ಆಸ್ಪತ್ರೆಗೆ ಮಾಡಿ, ಶನಿವಾರಕ್ಕೆ ಸಮಯ ಕೇಳಿದೆ. ಜೊತೆಗೆ ಯಾರು ಬರುತ್ತಾರೆ ಎಂದು ಆ ಕಡೆಯ ಹುಡುಗಿ ಕೇಳಿದಳು. ಒಬ್ಬರು ಬರುತ್ತಾರೆ ಎಂದೆ.