ಅಮ್ಮನ ಕೈಯ ಬೋಣಿ

ಮೊನ್ನೆ ಚಿತ್ರದುರ್ಗದಲ್ಲಿ ಬೆಳಗಿನ ಬಸ್ಸಿಗೆ ಹೋಗುವಾಗ ಒಂದು ಕಿರಾಣಿ ಅಂಗಡಿ ಆಗಷ್ಟೇ ಬಾಗಿಲು ತೆರೆದಿತ್ತು. ನೀರು ಚಿಮುಕಿಸಿದ ಮಣ್ಣು, ಊದಿನಕಡ್ಡಿ, ಒಳಗಿನ ಬೆಲ್ಲ... ಮೂರೂ ಬೆರೆತ ವಾಸನೆ. ಹೊಸದುರ್ಗದ ಅಂಗಡಿ ಮಾವ ನೆನಪಾದರು.

ಅವರು ನಮ್ಮ ಬಂಧುವಲ್ಲ. ಅಮ್ಮ ಅವರನ್ನು ಅಣ್ಣ ಎನ್ನುತ್ತಿದ್ದಳು, ಹಾಗಾಗಿ ನನಗೆ ಮಾವ. ಹಣೆ ತುಂಬ ವಿಭೂತಿ. ದಿನಾ ಅಂಗಡಿ ತೆರೆದು ಮೊದಲು ತಕ್ಕಡಿಗೆ, ಆಮೇಲೆ ಗಲ್ಲಾಪೆಟ್ಟಿಗೆಗೆ ಪೂಜೆ. ಬೋಣಿ ದುಡ್ಡನ್ನು, ಅಂದರೆ ದಿನದ ಮೊದಲ ಗಿರಾಕಿ ಕೊಟ್ಟದ್ದನ್ನು, ಕಣ್ಣಿಗೆ ಒತ್ತಿಕೊಂಡೇ ಒಳಗೆ ಹಾಕುತ್ತಿದ್ದರು. ಬೋಣಿ ಮಾಡಿದವರ ಕೈಗುಣದಂತೆ ಆ ದಿನದ ವ್ಯಾಪಾರ ಎಂಬುದು ಇಡೀ ಪೇಟೆಯ ನಂಬಿಕೆ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಬಸ್ ಸ್ಟ್ಯಾಂಡ್ ಹತ್ತಿರ ಮಂಡಕ್ಕಿ ಒಗ್ಗರಣೆ ಮಾಡಿ ಮಾರುತ್ತಿದ್ದಳು. ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ನಾನು ಹತ್ತಿದ್ದು ಆ ಒಗ್ಗರಣೆಯಿಂದ. ಮಂಡಕ್ಕಿ, ಪುಟಾಣಿ, ಎಣ್ಣೆ ಎಲ್ಲ ಆಯಾ ದಿನವೇ ತರಬೇಕು, ಒಟ್ಟಿಗೆ ತಂದಿಡುವ ಶಕ್ತಿ ಇರಲಿಲ್ಲ. ಮೊದಲ ಬಸ್ಸುಗಳು ಹೋದರೆ ಅರ್ಧ ವ್ಯಾಪಾರ ಹೋದಂತೆ.

ಒಮ್ಮೆ ಹಾಸ್ಟೆಲಿನಿಂದ ರಜೆಗೆ ಬಂದಿದ್ದೆ. ಬೆಳಿಗ್ಗೆ ಅಮ್ಮನ ಜೊತೆ ಹೋದರೆ, ಅವಳು ಅಂಗಡಿಯ ಹತ್ತಿರ ಹೋಗದೆ ಆಚೆ ಕರೆಂಟ್ ಕಂಬದ ಪಕ್ಕ ನಿಂತಳು. ಗಂಡ ಸತ್ತವಳ ಕೈಯಿಂದ ಬೋಣಿ ಆಗಬಾರದಂತೆ. ಬೇರೆ ಯಾರಾದರೂ ಕೊಳ್ಳುವವರೆಗೆ ಕಾಯಬೇಕಂತೆ. ದಿನಾ ಹೀಗೇ ಅಂತೆ! ಮೈ ಉರಿಯಿತು. ಚೀಲ ಕಿತ್ತುಕೊಂಡು ನಾನೇ ಹೋದೆ.

"ನಿಮ್ಮಮ್ಮ ಯಾಕೆ ಅಲ್ಲಿ ನಿಂತವ್ರೆ?" ಮಾವ ಕೇಳಿದರು.

"ನಿಮ್ಮ ಬೋಣಿ ಕೆಡಬಾರದು ಅಂತ."

ಮಂಡಕ್ಕಿ ಅಳೆಯಲು ಸೇರು ಎತ್ತಿದ್ದ ಕೈ ಹಾಗೇ ನಿಂತಿತು. "ಗದ್ದಲ ಕಮ್ಮಿ ಆಗ್ಲಿ ಅಂತ ನಿಲ್ತಾರೆ ಅನ್ಕಂಡಿದ್ನಲ್ಲವ್ವ..." ಎಂದರು. ಆಮೇಲೆ ಬೀದಿಗೆಲ್ಲ ಕೇಳುವಂತೆ ಕೂಗಿದರು: "ತಂಗೀ, ಬರ್ರಿ ಇಲ್ಲಿ! ದುಡ್ಡು ನಿಮ್ಮ ಕೈಯಿಂದ್ಲೇ ಕೊಡ್ರಿ."

"ಬ್ಯಾಡಣ್ಣ, ನಿಮಗೆ ಒಳ್ಳೇದಾಗಲ್ಲ."

"ಈಗಿನ್ನೂ ಶಿವನ ಮುಂದೆ ದೀಪ ಹಚ್ಚಿ ಕುಂತೀನಿ. ಬಂದ ಗಿರಾಕೀನ ಬೀದೀಲಿ ನಿಲ್ಸಿದ್ರೆ ಒಳ್ಳೇದಾಗುತ್ತಾ? ಬರ್ರಿ."

ಅಮ್ಮ ತಲೆ ತಗ್ಗಿಸಿ ಬಂದು ಕೊಟ್ಟ ನೋಟನ್ನು ಮಾವ ಕಣ್ಣಿಗೆ ಒತ್ತಿಕೊಂಡರು.

ಆ ದಿನ ಅವರಿಗೆ ವ್ಯಾಪಾರವೇ ಆಗಲಿಲ್ಲ. ಮಧ್ಯಾಹ್ನ ನಾನು ಉಪ್ಪಿಗೆ ಹೋದಾಗ ಪಕ್ಕದ ಪಾತ್ರೆ ಅಂಗಡಿಯವನು ಹಂಗಿಸುತ್ತಿದ್ದ: "ಏನ್ ಸಾವ್ಕಾರ್ರೆ, ನೊಣ ಹೊಡೀತಾ ಕುಂತ್ರಾ? ಬೋಣಿ ಜೋರಾಗಿತ್ತಲ್ಲ!"

"ನೊಣಾನೂ ಗಿರಾಕಿನೇ ಕಣಯ್ಯ. ಬೆಲ್ಲ ಚಲೋ ಐತೆ ಅಂತ ಬಂದೈತೆ," ಎಂದರು ಮಾವ. ನಕ್ಕರು, ಆದರೆ ಮುಖ ಸೋತಿತ್ತು.

ನಾನು ಸುಮ್ಮನಿರದೆ ಅದನ್ನು ಅಮ್ಮನಿಗೆ ಹೇಳಿದೆ. ಮರುದಿನ ಅವಳು ಬೇಕೆಂದೇ ತಡಮಾಡಿದಳು. ಬಸ್ಸು ಹೋದರೆ ಹೋಗಲಿ, ಅಣ್ಣನ ಅನ್ನಕ್ಕೆ ನನ್ನಿಂದ ಕುತ್ತು ಬೇಡ ಎಂದಳು. ಹೋದಾಗ ಅಂಗಡಿ ಮುಂದೆ ಜನವಿದ್ದರು. ಯಾರ ಕೈಯಲ್ಲೂ ಸಾಮಾನಿರಲಿಲ್ಲ.

"ಏನಪ್ಪ ಇದು, ಸಕ್ರೆ ಕೊಡೋಕೂ ಮುಹೂರ್ತ ನೋಡ್ಬೇಕಾ?" ಎಂದು ಒಬ್ಬ ಅಜ್ಜ ರೇಗುತ್ತಿದ್ದ.

"ಬೋಣಿ ಆಗ್ಬೇಕು, ತಡೀರಿ. ಅಗೋ, ತಂಗಿ ಬಂದ್ರು!" ಎಂದರು ಮಾವ.

ಇಬ್ಬರು ಗೊಣಗುತ್ತ ಬೇರೆ ಅಂಗಡಿಗೆ ನಡೆದರು. ಮಾವ ಅವರನ್ನು ವಾಪಸ್ ಕರೆಯಲಿಲ್ಲ. ಪಾತ್ರೆ ಅಂಗಡಿಯ ಕಡೆ ತಿರುಗಿ, "ಒಂದಿನ ಯಾಪಾರ ಆಗ್ಲಿಲ್ಲ ಅಂತ ಶಿವನ್ನೇ ಬದಲಾಯ್ಸಕ್ಕಾಗುತ್ತೇನಲೇ?" ಎಂದರು. ಅಷ್ಟು ಜನರ ನಡುವೆ ಅಮ್ಮ ನೆಟ್ಟಗೆ ನಡೆದು ಹೋಗಿ ದುಡ್ಡು ಕೊಟ್ಟಳು.

ಆಮೇಲೆ ದಿನವೂ ಬೋಣಿ ಅವಳದೇ. ಆ ಅಂಗಡಿಗೆ ಬಂಗಾರದ ಮಳೆಯೇನೂ ಸುರಿಯಲಿಲ್ಲ, ಅದು ಮುಳುಗಲೂ ಇಲ್ಲ. ಅಮ್ಮನಿಗೆ ಮೊದಲ ಬಸ್ಸುಗಳು ಸಿಕ್ಕವು, ನನಗೆ ಡಿಗ್ರಿ ಸಿಕ್ಕಿತು.

ಹೈಸ್ಕೂಲಿನಲ್ಲಿ ಕೆಲಸವಾಗಿ ಮೊದಲ ಸಂಬಳ ಬಂದಾಗ, ನನ್ನದೂ ಒಂದು ಬೋಣಿ ಇರಲಿ ಎಂದು ಬೆಳಿಗ್ಗೆಯೇ ಮಾವನ ಅಂಗಡಿಗೆ ಓಡಿದೆ. "ನಿಮ್ಮಮ್ಮಂದು ಆಗೋಗೈತೆ ಕಣವ್ವ. ಡಿಗ್ರಿ ಮಾಡಿದ್ರೇನಂತೆ, ನಿಂದು ಎರಡ್ನೇದು. ಕುಂತ್ಕ," ಎಂದರು. ಎರಡನೆಯವಳಾಗಿ ಅಷ್ಟು ಬೀಗಿದ್ದು ಅದೊಂದೇ ಸಲ.

ಮಾವ ಹೋಗಿ ವರ್ಷಗಳಾದವು. ಅಲ್ಲೀಗ ಮೊಬೈಲ್ ಅಂಗಡಿ ಇದೆ. ಅಮ್ಮ ಈಗ ಯಾವ ಅಂಗಡಿಗಾದರೂ ಬಾಗಿಲು ಪೂರ್ತಿ ತೆರೆಯುವ ಮೊದಲೇ ಹೋಗಿ, "ಲಗೂನ ಕೊಡಪ್ಪ, ನಂಗೆ ಕೆಲ್ಸ ಐತೆ," ಎಂದು ಗದರುತ್ತಾಳೆ. ಕೇಳಿ ನನಗೆ ಎದೆ ಉಬ್ಬುತ್ತದೆ. ಆ ಗದರಿಕೆಗೆ ನಗಬೇಕಾದವರು ಮಾತ್ರ ಇಲ್ಲ...