ಫೆಬ್ರವರಿ ಮೂವತ್ತರಂದು ಹುಟ್ಟಿದವರು

ಮೊನ್ನೆ ಎಟಿಎಂ ಒಂದರ ಬಾಗಿಲು ತೆಗೆದಾಗ ಒಳಗಿನ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಎಸಿಯದೂ ಕಾದ ವೈರಿನದೂ ಸೇರಿದ ಒಂದು ವಾಸನೆ ಅದಕ್ಕಿತ್ತು. ಏನು ಮಾಡುತ್ತಿದ್ದೇನೆಂದು ನನಗೇ ತಿಳಿಯುವ ಮೊದಲು ಚಪ್ಪಲಿಯನ್ನು ಹೊರಗೆ ಬಿಟ್ಟು ಬರಿಗಾಲಲ್ಲಿ ಒಳಗೆ ನಿಂತಿದ್ದೆ. ಸಾಲಿನಲ್ಲಿ ನನ್ನ ಹಿಂದಿದ್ದ ಹುಡುಗಿ ನಗು ತಡೆದುಕೊಂಡಳು. ನಾನೋ ಗಾಜಿನಾಚೆಯ ಚಪ್ಪಲಿಯ ಮೇಲೆ ಒಂದು ಕಣ್ಣಿಟ್ಟೇ ಬಟನ್ ಒತ್ತಿದೆ, ಇವಳೇ ಎತ್ತಿಕೊಂಡು ಹೋದರೆ ಎಂದು. ನನ್ನ ಸ್ವಭಾವವೇ ಹಾಗೆ ನೋಡಿ. ಹಾಲಿನವನ ಅಳತೆಯ ಮೇಲೆ ಅನುಮಾನ, ಕಂಡಕ್ಟರ್ ಕೊಟ್ಟ ಚಿಲ್ಲರೆಯ ಮೇಲೆ ಅನುಮಾನ, ಬೀಗ ಹಾಕಿದ ನನ್ನ ಕೈಯ ಮೇಲೂ ಅನುಮಾನ. ಅರ್ಧ ದಾರಿಯಿಂದ ವಾಪಸು ಹೋಗಿ ಬೀಗ ಜಗ್ಗಿ ನೋಡಿದ್ದಕ್ಕೆ ಎಷ್ಟು ಬಸ್ಸು ತಪ್ಪಿಸಿಕೊಂಡಿದ್ದೇನೋ.

ಚಪ್ಪಲಿ ಬಿಡುವ ಅಭ್ಯಾಸ ಹೊಸಕೋಟೆ ಹತ್ತಿರದ ಪಿಲ್ಲಗುಂಪೆಯಲ್ಲಿ ಹತ್ತಿದ್ದು. ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಅಲ್ಲಿಯ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ನನಗೆ ಕೆಲಸವಿತ್ತು. ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆ. ಕಂಪ್ಯೂಟರ್ ರೂಮಿನಲ್ಲಿ ಫ್ರಿಜ್ಜಿನಷ್ಟು ದೊಡ್ಡದೊಂದು ಯಂತ್ರ. ಅದಕ್ಕೆ ಧೂಳು ತಗುಲಬಾರದೆಂದು ಮ್ಯಾನೇಜರ್ ಸಾಹೇಬರೂ ಬೂಟು ಬಿಚ್ಚಿಯೇ ಒಳಗೆ ಬರಬೇಕು. ಈ ಕಟ್ಟುಪಾಡು ಮಾಡಿದವರು ಮುನಿವೆಂಕಟಪ್ಪನವರು. ಟೈಮ್ ಆಫೀಸಿನಲ್ಲಿ ಹಾಜರಿ ಬರೆಯುತ್ತಿದ್ದವರು, ಎಂಬತ್ತರ ದಶಕದ ಕೊನೆಗೆ ಯಂತ್ರ ಬಂದಾಗ ತಾವೇ ಪುಸ್ತಕ ಓದಿ ಕಲಿತು ಅದರ ಯಜಮಾನರಾದರು. ಕಾರ್ಖಾನೆಯ ಫೈಲುಗಳೆಲ್ಲದರ ವಿವರಣೆ ಅವರ ಕೈಯದೇ. ಒಂದು ಫೈಲಿನಲ್ಲಿ ಏನೇನಿದೆ, ಯಾವುದಕ್ಕೆ ಎಷ್ಟು ಜಾಗ ಎಂದು ಯಂತ್ರಕ್ಕೆ ಮೊದಲೇ ಹೇಳಿಡುವ ಪಟ್ಟಿ ಅದು. ಪ್ರತಿ ಅಕ್ಷರವೂ ಇಂಥ ಮನೆಯಲ್ಲೇ ಕೂರಬೇಕು, ಒಂದೊಂದು ಜಾಗಕ್ಕೆ ಇಡುವ ಹೆಸರು ಆರು ಅಕ್ಷರ ಮೀರಬಾರದು. ಹೀಗಾಗಿ ಪಟ್ಟಿಯ ಹೆಸರುಗಳೆಲ್ಲ ಬಾಲ ಕತ್ತರಿಸಿಕೊಂಡು ಕೂತಿದ್ದವು. ಯಾವುದು ಏನೆಂದು ಅವರನ್ನೇ ಕೇಳಬೇಕು.

ನನಗೆ ವಹಿಸಿದ ಕೆಲಸ ಆ ಪಟ್ಟಿಗಳನ್ನು ಎಸ್‌ಕ್ಯೂಎಲ್ ಎಂಬ ಹೊಸ ಭಾಷೆಗೆ ಬದಲಾಯಿಸುವುದು. ಹಳೆಯ ಫೈಲಿನ ಜಾಗದಲ್ಲಿ ಹೊಸ ಟೇಬಲ್, ಎಂದರೆ ಕೋಷ್ಟಕ. ಮುನಿವೆಂಕಟಪ್ಪನವರ ಹತ್ತಿರ ರಬ್ಬರ್ ಬ್ಯಾಂಡ್ ಹಾಕಿದ ಒಂದು ಉದ್ದ ನೋಟ್‌ಬುಕ್ ಇತ್ತು. ನಾನು ಏನಾದರೂ ಕೇಳಿದರೆ ಅತ್ತ ತಿರುಗಿ ಅದನ್ನು ತೆರೆದು, ಓದಿ, ಮುಚ್ಚಿ, ಆಮೇಲೆ ಉತ್ತರ ಕೊಡುತ್ತಿದ್ದರು. ನನಗೆ ಕಾಣದಂತೆ ಏನಿರಬಹುದು ಅದರಲ್ಲಿ? ಇನ್ನೊಂದು ಸಂಗತಿ. ಅವರೇಕಾಯಿ ಕಾಲದಲ್ಲಿ ಗೇಟಿನ ಹತ್ತಿರ ಕೆಲಸಗಾರರಿಗೂ ಅವರಿಗೂ ನಡುವೆ ಚೀಲಗಳು ಕೈ ಬದಲಾಗುವುದನ್ನು ಕಣ್ಣಾರೆ ಕಂಡಿದ್ದೆ. ಕಾರಣವಿಲ್ಲದೆ ಯಾರು ಯಾರಿಗೆ ಕಾಯಿ ಕೊಡುತ್ತಾರೆ ಎಂದು ಲೆಕ್ಕ ಹಾಕಿಟ್ಟುಕೊಂಡಿದ್ದೆ.

ಕೆಲಸಗಾರರ ಫೈಲಿನ ಸರದಿ ಬಂತು. ಹಳೆಯದರಲ್ಲಿ ಹುಟ್ಟಿದ ದಿನ ಎಂದರೆ ಬರೀ ಆರು ಅಂಕಿ, ಏನು ಬರೆದರೂ ಯಂತ್ರ ತುಟಿಪಿಟಕ್ಕೆನ್ನುತ್ತಿರಲಿಲ್ಲ. ನಾನು ಹೊಸ ಟೇಬಲ್ಲಿನಲ್ಲಿ ಅದು ನಿಜವಾದ ತಾರೀಕೇ ಆಗಿರಬೇಕೆಂದು ಬರೆದೆ. ಅಷ್ಟಕ್ಕೆ ಬಿಡದೆ ಪಕ್ಕದಲ್ಲಿ ‘ನಾಟ್ ನಲ್’ ಎಂಬ ಎರಡು ಪದ ಸೇರಿಸಿದೆ. ಆ ಜಾಗ ಖಾಲಿ ಬಿಡುವಂತಿಲ್ಲ ಎಂದು ಅರ್ಥ. ಯಾರೂ ಏನೂ ಬಚ್ಚಿಡಬಾರದಲ್ಲ. ಹಳೆಯದರಿಂದ ಹೊಸದಕ್ಕೆ ಎಲ್ಲರನ್ನೂ ಸಾಗಿಸಿದಾಗ ಹತ್ತೊಂಬತ್ತು ಜನ ಬಾಗಿಲಲ್ಲೇ ಉಳಿದುಬಿಟ್ಟರು. ಹೆಸರು ತೆಗೆಸಿ ನೋಡಿದೆ. ಹುಟ್ಟಿದ ವರ್ಷ ಬೇರೆಬೇರೆ, ತಾರೀಕು ಮಾತ್ರ ಹತ್ತೊಂಬತ್ತೂ ಜನರದು ಫೆಬ್ರವರಿ ಮೂವತ್ತು.

ಕೈ ತಪ್ಪಿ ಹತ್ತೊಂಬತ್ತು ಸಲ ಅದೇ ಅಂಕಿ ಬೀಳುವುದುಂಟೇ? ಹೆಚ್ಚಿನವರು ಜಡಿಗೇನಹಳ್ಳಿ ಕಡೆಯವರು, ಮುನಿವೆಂಕಟಪ್ಪನವರ ಊರಿನ ಸುತ್ತಮುತ್ತಲವರು. ಕೆಲವರು ರಿಟೈರ್ ಆಗುವ ವಯಸ್ಸಿಗೆ ಹತ್ತಿರ ಬಂದವರು. ಇಲ್ಲದ ತಾರೀಕು ಹಾಕಿದರೆ ರಿಟೈರಾಗುವ ದಿನವೂ ಬರುವುದಿಲ್ಲ, ಚೀಲದ ಗುಟ್ಟು ಇದೇ ಎಂದುಕೊಂಡೆ. ಪಕ್ಕದ ಮೇಜಿನಲ್ಲೇ ಇದ್ದ ಮನುಷ್ಯನನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಪಟ್ಟಿ ಹಿಡಿದು ನೆಟ್ಟಗೆ ಮ್ಯಾನೇಜರ್ ಸಾಹೇಬರ ರೂಮಿಗೆ ಹೋದೆ.

ಸಾಹೇಬರು ಅವರನ್ನು ಕರೆಸಿ, ನನ್ನೆದುರೇ ಪಟ್ಟಿ ತೋರಿಸಿದರು. ಮುನಿವೆಂಕಟಪ್ಪನವರು ಗಾಬರಿಯಾಗಲಿಲ್ಲ. ನೋಟ್‌ಬುಕ್ ತಂದು ಮೇಜಿನ ಮೇಲೆ ಬಿಚ್ಚಿಟ್ಟರು. ಹತ್ತೊಂಬತ್ತು ಹೆಸರು, ಒಂದೊಂದರ ಮುಂದೆ ಅವರ ಮನೆಯ ಹಿರಿಯರು ಹೇಳಿದ ಮಾತು. ಕೆರೆ ಕೋಡಿ ಬಿದ್ದ ವರ್ಷ. ಅಣ್ಣನ ಮದುವೆಯಾದ ಮೂರು ತಿಂಗಳಿಗೆ.

“ಇವ್ರು ಸ್ಕೂಲಿಗೆ ಹೋದವ್ರಲ್ಲ ಸಾರ್. ವರ್ಷ ಹೆಂಗೋ ಸಿಕ್ತು, ದಿನ ಯಾರ್ಗೂ ಗೊತ್ತಿಲ್ಲ. ನಾನೊಂದು ತಾರೀಕು ಹಾಕಿದ್ರೆ ನಾಳೆ ಅದೇ ನಿಜ ಆಗೋಯ್ತದೆ, ಆ ದಿನಕ್ಕೆ ಮನೆಗೆ ಕಳಿಸ್ಬಿಡ್ತಾರೆ. ಇಲ್ದಿರೋ ತಾರೀಕು ಹಾಕಿದ್ರೆ ಹತ್ರ ಬಂದಾಗ ಯಾರಾದ್ರೂ ಇದೇನು ಅಂತ ಕೇಳ್ಲೇಬೇಕು. ಕೇಳಿದ್ರೆ ತೋರ್ಸಾನ ಅಂತ ಈ ಬುಕ್ ಇಟ್ಟಿದೀನಿ.”

ಸಾಹೇಬರು ಪುಟ ತಿರುವಿ ನೋಡಿದರು. “ಹೊಸ ಸಿಸ್ಟಮ್‌ನಲ್ಲಿ ಇದು ನಡೆಯೋದಿಲ್ವಲ್ಲ” ಎಂದರು.

ಮುನಿವೆಂಕಟಪ್ಪನವರು ನನ್ನ ಕಡೆ ತಿರುಗಿದರು. “ಹೊಸದ್ರಾಗೆ ಗೊತ್ತಿಲ್ಲ ಅಂತ ಇಡಕ್ಕೆ ಜಾಗ ಐತೇನಪ್ಪ?”

ಇತ್ತು. ನಾನು ಸೇರಿಸಿದ್ದ ಎರಡು ಪದ ಅಳಿಸಿದರೆ ಆಗುತ್ತಿತ್ತು. ಖಾಲಿ ಎಂದರೆ ಗೊತ್ತಿಲ್ಲ ಎಂದೇ ಆ ಭಾಷೆಯಲ್ಲಿ ಅರ್ಥ. ಹಳೆಯ ಪ್ರೋಗ್ರಾಮುಗಳನ್ನು ಅಲ್ಲಲ್ಲಿ ತಿದ್ದಬೇಕಾಗುತ್ತಿತ್ತು, ಅದು ಎರಡು ದಿನದ ಕೆಲಸ. ಆದರೆ ಇದೆ ಎಂದಿದ್ದರೆ ನಾನು ದೂರು ಹೊತ್ತು ಬಂದದ್ದು ಯಾತಕ್ಕೆ ಎಂಬ ಪ್ರಶ್ನೆ ಏಳುತ್ತಿತ್ತು. “ಇಲ್ಲ ಸಾರ್” ಎಂದೆ.

“ಹಂಗಾದ್ರೆ ಎಲ್ಲರಿಗೂ ಜನವರಿ ಒಂದು ಹಾಕ್ಬಿಡಿ” ಎಂದರು ಸಾಹೇಬರು. ಮುನಿವೆಂಕಟಪ್ಪನವರು ನೋಟ್‌ಬುಕ್ಕಿಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡು ಹೊರಟರು. ಆ ಮಧ್ಯಾಹ್ನವೇ ನಾನು ಹತ್ತೊಂಬತ್ತು ಜನರಿಗೆ ಹುಟ್ಟಿದ ದಿನ ಕೊಟ್ಟೆ. ಕಾಫಿ ಬರುವಷ್ಟರಲ್ಲಿ ಮುಗಿದಿತ್ತು.

ಮೊದಲ ಪೆಟ್ಟು ಬಿದ್ದದ್ದು ಪ್ಯಾಕಿಂಗ್ ವಿಭಾಗದ ಚಿಕ್ಕಪಿಳ್ಳಮ್ಮನಿಗೆ. ನೋಟ್‌ಬುಕ್ಕಿನಲ್ಲಿ ಆಕೆಯ ಹೆಸರಿನ ಮುಂದೆ ರಾಗಿ ಕುಯ್ಯುವ ಕಾಲ ಎಂದಿತ್ತು, ಅಂದರೆ ವರ್ಷದ ಕೊನೆ. ಆದರೆ ಯಂತ್ರದ ಪ್ರಕಾರ ಜನವರಿಯಲ್ಲೇ ಐವತ್ತೆಂಟು ತುಂಬಿತು, ರಿಟೈರಾಗುವ ಚೀಟಿ ಕೈಗೆ ಬಂತು. ಹತ್ತು ತಿಂಗಳ ಕೆಲಸ ಹೋಯಿತು. ಅವಳ ಮಗಳಿಗೆ ಗಂಡನಿರಲಿಲ್ಲ, ಮನೆಯಲ್ಲಿ ದುಡಿಯುವವಳು ಚಿಕ್ಕಪಿಳ್ಳಮ್ಮ ಒಬ್ಬಳೇ. ಆ ಚೀಟಿ ಹಿಡಿದು ಕಂಪ್ಯೂಟರ್ ರೂಮಿನ ಬಾಗಿಲಿಗೆ ಬಂದಳು. ಚಪ್ಪಲಿ ಬಿಟ್ಟರೂ ಒಳಗೆ ಕಾಲಿಡಲಿಲ್ಲ.

“ಏನಪ್ಪಾ, ನಾನು ಜನವರಿ ಒಂದನೇ ತಾರೀಕು ಹುಟ್ಟಿದೋಳಂತೆ. ನಮ್ಮವ್ವಂಗೇ ಗೊತ್ತಿರ್ನಿಲ್ಲ. ನಿಮ್ ಮಿಸಿನ್ನಿಗೆ ಹೆಂಗ್ ಗೊತ್ತಾಯ್ತು?”

“ಸಿಸ್ಟಮ್ಮು ಹಂಗೆ ತೋರಿಸ್ತಾ ಇದೆಯಮ್ಮ” ಎಂದೆ. ಆಕೆ ಯಂತ್ರವನ್ನೊಮ್ಮೆ ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೋದಳು. ಪಕ್ಕದ ಮೇಜಿನಲ್ಲಿ ಮುನಿವೆಂಕಟಪ್ಪನವರು ತಲೆಯೆತ್ತಲಿಲ್ಲ. ಆ ಸಂಜೆ ಉಳಿದ ಹದಿನೆಂಟು ಜನರ ತಾರೀಕು ತೆಗೆದುಬಿಡೋಣವೆಂದು ಕೂತೆ. ತೆಗೆದರೆ ಕಾರಣ ಹೇಳಬೇಕಾಗುತ್ತದೆ ಎನಿಸಿ ಎದ್ದುಬಿಟ್ಟೆ. ನಾಚಿಕೆಗೇಡು, ಬೇರೆ ಮಾತಿಲ್ಲ ಅದಕ್ಕೆ.

ಮುನಿವೆಂಕಟಪ್ಪನವರು ರಿಟೈರಾದ ಕೆಲವು ವರ್ಷಗಳ ಮೇಲೆ ಹೊಸಕೋಟೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಕೈಯಲ್ಲಿ ಅವರೇಕಾಯಿ ಚೀಲ. ಅವರದೇ ಹೊಲದ್ದು, ಯಾರಿಗೋ ಕೊಡಲು ಒಯ್ಯುತ್ತಿದ್ದರು. ಗೇಟಿನ ಹತ್ತಿರ ಚೀಲ ಯಾರ ಕೈಯಿಂದ ಯಾರ ಕೈಗೆ ಹೋಗುತ್ತಿತ್ತೆಂಬುದು ನನಗೆ ಆಗ ತಿಳಿಯಿತು. ನಿಂತಲ್ಲೇ ಹೇಳಿಬಿಟ್ಟೆ. “ಸಾರ್, ಅವತ್ತು ಜಾಗ ಇತ್ತು. ನಾನು ಸುಳ್ಳು ಹೇಳ್ದೆ.”

“ಗೊತ್ತಿತ್ತು ಕಣಪ್ಪ. ಆ ಹೊಸ ಭಾಷೆ ದಪ್ಪ ಪುಸ್ತಕ ನಿನ್ನ ಟೇಬಲ್ಲಿಗೆ ಬರೋಕ್ಮುಂಚೆ ನನ್ ಟೇಬಲ್ ಮೇಲೇ ಇತ್ತಲ್ಲ.”

“ಮತ್ತೆ ಯಾಕೆ ಸುಮ್ನಿದ್ರಿ?”

“ಸಾಹೇಬ್ರ ಎದುರು ಹೇಳಿದ್ರೆ ನಿನ್ ಕೆಲ್ಸ ಹೋಗೋದು. ಆಮ್ಯಾಕೆ ನೀನೇ ಸರಿ ಮಾಡ್ತೀಯ ಅಂತ ನಂಬ್ಕೊಂಡಿದ್ದೆ. ಆಯಮ್ಮ ಚೀಟಿ ಹಿಡ್ಕೊಂಡು ಬರೋವರ್ಗೂ ನಂಬಿದ್ದೆ. ನನ್ದೂ ತಪ್ಪೇಯ.”

ಅವರ ಬಸ್ಸು ಬಂತು, ಹತ್ತಿ ಹೋದರು. ಈಗ ಅವರಿಲ್ಲ. ಚಿಕ್ಕಪಿಳ್ಳಮ್ಮ ಇದ್ದಾಳಂತೆ, ಜಡಿಗೇನಹಳ್ಳಿ ಹತ್ತಿರ ಮಗಳ ಮನೆಯಲ್ಲಿ, ಕಣ್ಣು ಮಂಜಾಗಿದೆಯಂತೆ. ತಿಳಿದು ವರ್ಷವೇ ಆಯಿತು. ಹೋದರೆ ನಾಲ್ಕು ಜನರೆದುರು ಮಾನ ಕಳೆಯುತ್ತಾಳೋ ಏನೋ ಎಂಬ ಅನುಮಾನದಲ್ಲೇ ದಿನ ದೂಡುತ್ತಿದ್ದೆ. ಈ ಭಾನುವಾರ ಹೋಗುತ್ತೇನೆಂದು ಮನೆಯಲ್ಲಿ ಹೇಳಿಯಾಗಿದೆ. ಮಿಸಿನ್ನಿಗೆ ಏನೂ ಗೊತ್ತಿರಲಿಲ್ಲ ಅಮ್ಮ, ಅದನ್ನು ಬರೆದದ್ದು ನಾನು ಎಂದು ಹೇಳಬೇಕು.