ಹುಳ ಇರುವ ಮನೆಗೆ ಕೋವಿ ಹೋಗಬಾರದು

ಮೊನ್ನೆ ರಾಮನಗರದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕೂತಿದ್ದ ಮುದುಕರೊಬ್ಬರ ತೊಡೆಯ ಮೇಲೆ ಕಂಬಳಿಯಲ್ಲಿ ಸುತ್ತಿದ ಉದ್ದನೆಯ ವಸ್ತುವೊಂದಿತ್ತು. ಕೊಬ್ಬರಿ ಎಣ್ಣೆ, ಕಬ್ಬಿಣ, ಹಳೆಯ ಮದ್ದು, ಎಲ್ಲ ಬೆರೆತ ವಾಸನೆ. ಎಲೆಕ್ಷನ್ ಬಂತಲ್ಲ, ಸ್ಟೇಷನ್ನಿಗೆ ಒಪ್ಪಿಸಲು ಹೊರಟಿದ್ದೇನೆ ಎಂದು ಅವರೇ ಹೇಳಿದರು. ನಾನು ಕೇಳಿರಲಿಲ್ಲ. ವಾಸನೆ ಮೂಗಿಗೆ ಬಿದ್ದಾಗಲೇ ಅದು ಏನೆಂದು ನನಗೆ ಗೊತ್ತಾಗಿತ್ತು. ಅಂಥದೇ ಒಂದು ಕೋವಿಯ ಜೊತೆ ಒಂದೇ ಸೂರಿನ ಕೆಳಗೆ ವರ್ಷಗಟ್ಟಲೆ ಬಾಳಿದವಳು ನಾನು. ನನ್ನ ಬಸ್ಸು ಬಂತು, ಹೋಯಿತು. ಏಳಲು ಮನಸ್ಸಾಗಲಿಲ್ಲ...

ಕೈಲಾಂಚದ ಹತ್ತಿರದ ಒಂದು ಹಳ್ಳಿಗೆ ನಾನು ಟೀಚರಾಗಿ ಹೋದಾಗ ರೇಷ್ಮೆಯ ಭರಾಟೆ ಜೋರಾಗಿತ್ತು. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗಿದ್ದವು. ಜನ ಮನೆಯನ್ನು ಹುಳಗಳಿಗೆ ಬಿಟ್ಟುಕೊಟ್ಟು ತಾವು ಜಗಲಿಯಲ್ಲಿ ಮಲಗುತ್ತಿದ್ದರು. ಹೊಸದಾಗಿ ಮದುವೆಯಾದವರ ಪಾಡೂ ಅದೇ. ಹುಳಗಳ ಮಡಿ ಯಾವ ಪುರೋಹಿತರ ಮಡಿಗೂ ಕಡಿಮೆಯಿರಲಿಲ್ಲ. ಹುಳ ಇರುವ ಮನೆಯಲ್ಲಿ ಬೀಡಿ ಕೂಡದು, ನಶ್ಯ ಕೂಡದು, ಒಣಮೆಣಸಿನಕಾಯಿ ಹುರಿಯಕೂಡದು, ಇಂಗಿನ ಒಗ್ಗರಣೆ ಹಾಕಕೂಡದು. ಇಡೀ ಬೀದಿಯಲ್ಲಿ ಹುಳ ಸಾಕದ ಮನೆ ನನ್ನದೊಂದೇ. ನಾನು, ನನ್ನಮ್ಮ, ಇಬ್ಬರೇ ಇದ್ದೆವು. ಹಾಗಾಗಿ ಬೀದಿಯವರ ಬಹಿಷ್ಕೃತ ಸಾಮಾನೆಲ್ಲ ನಮ್ಮ ಮನೆಗೇ ಬರುತ್ತಿತ್ತು. ಒಬ್ಬರ ಹೊಗೆಸೊಪ್ಪು, ಇನ್ನೊಬ್ಬರ ಒಣಮೀನು, ಮತ್ತೊಬ್ಬರ ಇಲಿ ಪಾಷಾಣ. ಅಮ್ಮ ಚನ್ನಪಟ್ಟಣದ ಪೇಟೆ ಬೀದಿಯಲ್ಲಿ ಬೆಳೆದವಳು. ಇದೇನು ಮನೆಯೋ ಗೋಡೌನೋ ಎಂದು ಗೊಣಗುತ್ತಲೇ ಎಲ್ಲದಕ್ಕೂ ಜಾಗ ಮಾಡಿಕೊಡುತ್ತಿದ್ದಳು.

ಎದುರುಮನೆ ಯಜಮಾನರ ಕೋವಿಯೂ ಹಾಗೆಯೇ ನಮ್ಮ ಅಟ್ಟ ಸೇರಿತ್ತು. ಊರಿನಲ್ಲಿ ಲೈಸೆನ್ಸ್ ಇದ್ದ ಕೋವಿ ಅದೊಂದೇ. ಅವರ ತಂದೆಯ ಕಾಲದಲ್ಲಿ ಬೆಳೆ ಕಾಯಲು ತಂದದ್ದು. ಕಾಡುಹಂದಿಗಳು ನುಗ್ಗಿದರೆ ಯಜಮಾನರು ಆಕಾಶಕ್ಕೆ ಒಂದು ಈಡು ಹಾರಿಸಿ ಬರುತ್ತಿದ್ದರು, ಹಂದಿಗೆ ಹೊಡೆದದ್ದನ್ನು ಯಾರೂ ಕಂಡಿರಲಿಲ್ಲ. ಮದ್ದಿನ ವಾಸನೆಗೆ ಹುಳ ಸಾಯುತ್ತವೆ ಎಂಬುದು ಊರಿನವರ ನಂಬಿಕೆ. ಅದಕ್ಕೆ ಹುಳದ ಮೊಟ್ಟೆ ತಂದ ದಿನವೇ ಕೋವಿಗೆ ಎಣ್ಣೆ ಹಚ್ಚಿ, ಕಂಬಳಿ ಸುತ್ತಿ ನಮ್ಮ ಮನೆಗೆ ತಂದಿಡುವರು. ರೇಷ್ಮೆಗೂಡು ಬಿಡಿಸಿದ ಮೇಲೆ ಒಯ್ಯುವರು. ಲೈಸೆನ್ಸ್ ಯಾರ ಹೆಸರಿನಲ್ಲಿದೆಯೋ ಅವರ ವಶದಲ್ಲೇ ಕೋವಿ ಇರಬೇಕೆಂದು ಕಾನೂನು ಹೇಳುತ್ತದೆ, ಅದು ನನಗೂ ಗೊತ್ತಿತ್ತು. ಆದರೆ ಕಾನೂನು ಬರೆದವರ ಮನೆಯಲ್ಲಿ ಹುಳ ಇರಲಿಲ್ಲವಲ್ಲ.

ಯಜಮಾನರು ಎತ್ತರದ ಆಳು, ಮಾತು ಮಾತ್ರ ಬಹಳ ಮೆಲ್ಲಗೆ. ಹುಳದ ಮನೆಯಲ್ಲಿ ಓಡಾಡಿ ಅಭ್ಯಾಸವಾಗಿ ಬೀದಿಯಲ್ಲೂ ಸದ್ದಿಲ್ಲದೆ ನಡೆಯುತ್ತಿದ್ದರು. ಅವರಿಗಿದ್ದದ್ದು ಒಬ್ಬನೇ ಮಗ. ಅಪ್ಪನ ಎತ್ತರ ಬಂದಿತ್ತು, ತಾಳ್ಮೆ ಬಂದಿರಲಿಲ್ಲ. ಯಜಮಾನರ ತೀರಿಹೋದ ತಮ್ಮನಿಗೂ ಒಬ್ಬನೇ ಮಗ. ಎರಡೂ ಮನೆಯ ತೋಟಕ್ಕೆ ಬಾವಿ ಒಂದೇ. ಮೊದಲು ಸರದಿಯ ಮೇಲೆ ನೀರು ಕಟ್ಟುತ್ತಿದ್ದರಂತೆ. ರೇಷ್ಮೆಯಲ್ಲಿ ನಾಲ್ಕು ಕಾಸು ಕಂಡ ಮೇಲೆ ಇಬ್ಬರೂ ಹುಡುಗರಿಗೆ ನೀರು ಸಾಲದಾಯಿತು. ಬಾವಿಯ ಕಡೆಯಿಂದ ಜೋರು ಮಾತು ಕೇಳಿದರೆ ಸಾಕು, ಯಜಮಾನರು ಊಟದ ತಟ್ಟೆಯ ಮುಂದಿನಿಂದ ಎದ್ದು ಓಡುತ್ತಿದ್ದರು. ಅವರು ಹೋಗಿ ನಡುವೆ ನಿಂತರೆ ಇಬ್ಬರೂ ತಣ್ಣಗಾಗುತ್ತಿದ್ದರು.

ಒಂದು ಬೆಳೆಯ ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕಿ ಬಂದ ಮೇಲೂ ಯಜಮಾನರು ಕೋವಿ ಒಯ್ಯಲಿಲ್ಲ. ಮರೆತಿರಬೇಕೆಂದು ನಾನೇ ನೆನಪಿಸಿದೆ. ಅವರು ತಮ್ಮ ಮನೆಯ ಕಡೆ ಒಮ್ಮೆ ತಿರುಗಿ ನೋಡಿ ದನಿ ತಗ್ಗಿಸಿದರು.

"ಇಲ್ಲೇ ಇರ್ಲಿ ಟೀಚರಮ್ಮ. ನಮ್ ಹುಡುಗುನ್ ಕೈ ಒಸಿ ದುಡುಕು."

ಅವತ್ತಿನಿಂದ ನನಗೆ ಅಟ್ಟದ ಕಡೆ ನೋಡಲು ಭಯ. ಹೊಗೆಸೊಪ್ಪಿನ ಪಕ್ಕದಲ್ಲಿ ಬಿದ್ದಿದ್ದ ವಸ್ತು ಏಕಾಏಕಿ ಒಬ್ಬ ಮನುಷ್ಯನ ಪ್ರಾಣವಾಯಿತು. ಆ ಹುಡುಗ ಒಮ್ಮೆ ಬಂದು, ತೋಟಕ್ಕೆ ಹಂದಿ ಬಿದ್ದಿದೆ, ಕೋವಿ ಕೊಡಿ ಎಂದು ಕೇಳಿದ್ದ. ಅಪ್ಪನನ್ನು ಕಳಿಸು ಎಂದು ಅಮ್ಮ ಬಾಗಿಲಲ್ಲೇ ಹೇಳಿ ಕಳಿಸಿದಳು. ಅಪ್ಪ ಬರಲಿಲ್ಲ. ಆ ವಾರ ಹಂದಿಯ ಸುದ್ದಿಯನ್ನೂ ಯಾರೂ ಎತ್ತಲಿಲ್ಲ.

ಅಷ್ಟರಲ್ಲಿ ಚುನಾವಣೆ ಬಂತು. ಪಕ್ಕದ ಊರಿನಲ್ಲಿ ಎರಡು ಪಾರ್ಟಿಯವರು ಬಡಿದಾಡಿಕೊಂಡಿದ್ದರು, ಹಾಗಾಗಿ ಕಟ್ಟುನಿಟ್ಟು ಹೆಚ್ಚು. ತಮಟೆ ಹೊಡೆದು ಸಾರಿದರು. ಲೈಸೆನ್ಸ್ ಕೋವಿ ಇರುವವರು ಖುದ್ದಾಗಿ ಸ್ಟೇಷನ್ನಿಗೆ ಒಪ್ಪಿಸಬೇಕು. ಮಚ್ಚು, ಚೂರಿ, ಕುಡುಗೋಲು, ದೊಣ್ಣೆ ಹಿಡಿದು ಯಾರೂ ತಿರುಗಬಾರದು. ಕುಡುಗೋಲು ಎಂದದ್ದೇ ಬೀದಿಯ ಹೆಂಗಸರು ನಕ್ಕರು. ಹಾಗಾದರೆ ಹಿಪ್ಪುನೇರಳೆ ಸೊಪ್ಪನ್ನು ಹಲ್ಲಲ್ಲಿ ಕಡಿಯೋಣವೇ ಎಂದು ಕೇಳಿದರು. ಸಾರುವವನು ಸ್ವಲ್ಪ ಯೋಚಿಸಿ, ಸೊಪ್ಪು ಕುಯ್ಯುವವರಿಗೆ ಅದು ಅನ್ವಯಿಸುವುದಿಲ್ಲ, ತಿರುಗುವವರಿಗೆ ಮಾತ್ರ ಎಂದು ತಾನೇ ತೀರ್ಪು ಕೊಟ್ಟು ಮುಂದಿನ ಬೀದಿಗೆ ಹೋದ. ನಾನೂ ನಕ್ಕೆ.

ಯಜಮಾನರ ಹುಳ ಆಗ ಕೊನೆಯ ಜ್ವರ ಎದ್ದಿದ್ದವು. ಹುಳ ಮೇವು ಬಿಟ್ಟು ಪೊರೆ ಕಳಚುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಕೊನೆಯ ಜ್ವರ ಎದ್ದ ಹುಳಗಳ ಹಸಿವು ಹೇಳತೀರದು. ಮನೆಯವರೆಲ್ಲ ಸೊಪ್ಪು ಕುಯ್ದು ತಂದು ಹಾಕುತ್ತಲೇ ಇರಬೇಕು. ಅಂಥ ದಿನ ಯಾರೂ ಊರು ಬಿಟ್ಟು ಹೋಗುವುದಿಲ್ಲ. ಆದರೂ ಯಜಮಾನರು ಹೊರಟರು, ಒಳ್ಳೆಯ ಅಂಗಿ ಹಾಕಿಕೊಂಡು, ಮದುವೆಗೆ ಹೊರಟವರ ಹಾಗೆ. ಅಟ್ಟದಿಂದ ಕೋವಿ ಇಳಿಸಿಕೊಳ್ಳುವಾಗ ಅವರ ಮುಖ ಅರಳಿದ್ದನ್ನು ನಾನು ಕಂಡೆ.

"ಸರ್ಕಾರದೋರೇ ಕೇಳ್ತಾವ್ರೆ. ಪೀಡೆ ಕಳೀತು ಟೀಚರಮ್ಮ."

ಸ್ಟೇಷನ್ನಿನ ಮುಂದೆ ಸುತ್ತಲ ಹಳ್ಳಿಗಳ ಕೋವಿಯವರೆಲ್ಲ ಸಾಲು ನಿಂತಿದ್ದರಂತೆ. ಯಜಮಾನರ ಸರದಿ ಬರುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಇತ್ತ ಊರಿನಲ್ಲಿ ಹುಡುಗರಿಬ್ಬರೂ ಸೊಪ್ಪು ಕುಯ್ಯಲು ತೋಟಕ್ಕೆ ಹೋಗಿದ್ದರು. ಒಬ್ಬ ಪಂಪು ಹಾಕಿದ, ಇನ್ನೊಬ್ಬ ಆರಿಸಿದ. ನಡುವೆ ಬಂದು ನಿಲ್ಲುವವರು ಕೋವಿ ಹಿಡಿದು ಪೇಟೆಯಲ್ಲಿ ನಿಂತಿದ್ದರು. ಹುಡುಗರಿಬ್ಬರ ಕೈಯಲ್ಲೂ ಸೊಪ್ಪಿನ ಕುಡುಗೋಲುಗಳಿದ್ದವು...

ಸಂಜೆ ಬಸ್ಸಿನಿಂದ ಇಳಿದ ಯಜಮಾನರಿಗೆ ಇಡೀ ಊರೇ ನಿಂತಿರುವುದು ಕಾಣಿಸಿತು. ಅವರು ಒಬ್ಬೊಬ್ಬರ ಮುಖವನ್ನೂ ನೋಡಿ ಕೊನೆಗೆ ನನ್ನ ಹತ್ತಿರ ಬಂದರು.

"ಏನ್ ಮಾಡ್ಬುಟ್ಟ ಟೀಚರಮ್ಮ, ನನ್ ಮಗ?"

ಮಗ ಏನಾದರೂ ಮಾಡಿಬಿಟ್ಟಾನು ಎಂದೇ ಅವರು ಅಷ್ಟು ಕಾಲ ಹೆದರಿದ್ದು. ಮಗನಿಗೆ ಏನಾದರೂ ಆದೀತು ಎಂದು ಒಂದು ಗಳಿಗೆಯೂ ಯೋಚಿಸಿರಲಿಲ್ಲ. ಅವನು ಇನ್ನಿಲ್ಲ ಎಂದು ನಾನೇ ಹೇಳಬೇಕಾಯಿತು. ಅಂಥ ಮಾತು ನನ್ನ ಶತ್ರುವಿನ ಬಾಯಿಗೂ ಬರುವುದು ಬೇಡ.

ಪೊಲೀಸರು ಯಜಮಾನರ ತಮ್ಮನ ಮಗನನ್ನು ಹಿಡಿದುಕೊಂಡು ಹೋದರು, ಆ ಕುಡುಗೋಲನ್ನೂ ಒಯ್ದರು. ಮರುದಿನ ಬೆಳಕು ಹರಿಯುವಾಗ ಬೀದಿಯ ಹೆಂಗಸರು ಕಣ್ಣೊರೆಸಿಕೊಂಡು ತಂತಮ್ಮ ಕುಡುಗೋಲು ಹಿಡಿದು ತೋಟಕ್ಕೆ ಹೋದರು. ಹುಳ ಯಾರ ಸಾವಿಗೂ ಕಾಯುವುದಿಲ್ಲ. ಯಜಮಾನರ ಮನೆಯ ಹುಳಗಳಿಗೆ ಮಾತ್ರ ಸೊಪ್ಪು ಹಾಕುವವರಿರಲಿಲ್ಲ. ಅವು ಸಾಕುವ ಬಿದಿರಿನ ತಟ್ಟೆಗಳಲ್ಲೇ ಹಸಿದು ಸತ್ತವು. ವಾರಗಟ್ಟಲೆ ಆ ಮನೆಯಿಂದ ಕೊಳೆತ ವಾಸನೆ ಬರುತ್ತಿತ್ತು.

ಫಲಿತಾಂಶ ಬಂದ ಮೇಲೆ ಕೋವಿ ಬಿಡಿಸಿಕೊಂಡು ಹೋಗಿ ಎಂದು ಸ್ಟೇಷನ್ನಿನಿಂದ ಹೇಳಿಕಳಿಸಿದರು. ಯಜಮಾನರು ಹೋದರು, ಆದರೆ ತರಲು ಹೋಗಲಿಲ್ಲ. ತಾನೇ ಬಂದು ಕೇಳಿದರೂ ಕೊಡಬೇಡಿ ಎಂದು ಕೈಮುಗಿದರಂತೆ. ಎಲೆಕ್ಷನ್ ಮುಗಿದ ಮೇಲೆ ಇನ್ನೊಬ್ಬರ ಕೋವಿ ಇಟ್ಟುಕೊಳ್ಳಲು ರೂಲ್ಸ್ ಇಲ್ಲ, ಬೇಡವಾದರೆ ದೊಡ್ಡ ಆಫೀಸಿಗೆ ಅರ್ಜಿ ಹಾಕಿಕೋ ಎಂದು ಅಲ್ಲಿದ್ದವರು ಕೋವಿಯನ್ನು ಕೈಗಿತ್ತು ಕಳಿಸಿದರು. ಮಗ ಇರುವಾಗ ಕಿತ್ತುಕೊಂಡದ್ದೂ ಕಾನೂನೇ, ಮಗ ಹೋದ ಮೇಲೆ ತಂದು ಕೈಗೆ ಕೊಟ್ಟದ್ದೂ ಕಾನೂನೇ. ಈ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಬಸ್ಸಿಳಿದವರು ತಮ್ಮ ಮನೆಗೆ ಹೋಗದೆ ನೇರ ನಮ್ಮ ಬಾಗಿಲಿಗೆ ಬಂದರು. ಮನೆಯಲ್ಲಿ ಹುಳ ಇದೆ, ಇದು ಇಲ್ಲೇ ಇರಲಿ ಎಂದರು. ಮಗ ಸತ್ತ ಮೇಲೆ ಅವರು ಮೊಟ್ಟೆಯನ್ನೇ ತಂದಿರಲಿಲ್ಲ, ತಟ್ಟೆಗಳು ಬರಿದಾಗಿ ಹಿತ್ತಿಲಲ್ಲಿ ಬಿದ್ದಿದ್ದವು. ಅಮ್ಮ ಸುಮ್ಮನೆ ಏಣಿ ತಂದು ಅಟ್ಟಕ್ಕೆ ಆನಿಸಿದಳು. ಕೋವಿಯನ್ನು ಮಾರಿಬಿಡಿ ಎಂದು ಆಮೇಲೆ ನಾನು ಹೇಳಿದ್ದುಂಟು. ತಲೆಯಾಡಿಸುವರು. ಬಿಟ್ಟುಕೊಡುವ ಮನಸ್ಸೂ ಇಲ್ಲ, ಹತ್ತಿರ ಇಟ್ಟುಕೊಳ್ಳುವ ಧೈರ್ಯವೂ ಇಲ್ಲ. ನನಗೆ ಭಯ ಹುಟ್ಟಿಸಿದ್ದು ಅದೇ.

ಮಳೆಗಾಲ ಕಳೆಯುವಷ್ಟರಲ್ಲಿ ತಮ್ಮನ ಮಗ ಜಾಮೀನಿನ ಮೇಲೆ ಊರಿಗೆ ಬಂದ. ಬಂದ ದಿನ ಬೀದಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಭಾನುವಾರ, ಬಿರುಬಿಸಿಲಿನ ಹೊತ್ತು. ಮಾರಮ್ಮನ ಗುಡಿಯ ಕಟ್ಟೆಯ ಮೇಲೆ ಅವನು ಒಬ್ಬನೇ ತಲೆ ತಗ್ಗಿಸಿ ಕೂತಿದ್ದ. ನಮ್ಮ ಬಾಗಿಲಿನಿಂದ ಅವನ ಬಿಳಿ ಅಂಗಿ ನಿಚ್ಚಳವಾಗಿ ಕಾಣುತ್ತಿತ್ತು. ನಾನು ಬಾಗಿಲು ಹಾಕಲೆಂದು ಎದ್ದರೆ ಯಜಮಾನರು ಹೊಸ್ತಿಲ ಆಚೆ ನಿಂತಿದ್ದಾರೆ. ಎಂದಿನಂತೆ ಬಂದ ಸದ್ದೇ ಆಗಿರಲಿಲ್ಲ.

"ಅದುನ್ನ ಕೊಟ್ಬುಡಿ ಟೀಚರಮ್ಮ."

ಕೋವಿ ಅವರದು. ಲೈಸೆನ್ಸ್ ಅವರದು. ಕಾನೂನಿನ ಪ್ರಕಾರ ಇಟ್ಟುಕೊಳ್ಳಲು ನನಗೆ ಯಾವ ಹಕ್ಕೂ ಇರಲಿಲ್ಲ. ಮಗನನ್ನು ಕಳೆದುಕೊಂಡವರಿಗೆ ನಾನು ಯಾವ ಬುದ್ಧಿ ಹೇಳಲಿ? ಅವರ ಕೈ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದಿತ್ತು. ಕಣ್ಣು ನನ್ನ ಮೇಲಿರಲಿಲ್ಲ, ಅಟ್ಟದ ಮೇಲಿತ್ತು. ಕೊನೆಗೆ ನನ್ನ ಬಾಯಿಂದ ಬಂದದ್ದು ಇಷ್ಟೇ.

"ನಿಮ್ಮನೇಲಿ ಹುಳ ಐತಲ್ಲ ಯಜಮಾನ್ರೆ. ಹೆಂಗೆ ಕೊಡ್ಲಿ?"

ಅವರು ತಿರುಗಿ ತಮ್ಮ ಮನೆ ನೋಡಿದರು. ಬಾಗಿಲ ಮುಂದೆ ಒಂದು ಸೊಪ್ಪಿನ ಕಡ್ಡಿಯೂ ಇರಲಿಲ್ಲ. ಬಹಳ ಹೊತ್ತು ನೋಡುತ್ತಲೇ ನಿಂತರು.

"ಹೂಂ... ಹುಳ ಐತೆ" ಎಂದರು, ಚೌಕಟ್ಟು ಬಿಟ್ಟು ಮನೆಗೆ ಹೋದರು.

ಮರುದಿನ ಮೊದಲ ಬಸ್ಸಿಗೇ ಹೋಗಿ ಮೊಟ್ಟೆ ತಂದರು. ಅಂದಿನಿಂದ ಆ ಮನೆಯಲ್ಲಿ ಹುಳ ಇಲ್ಲದ ದಿನವಿಲ್ಲ. ಒಂದು ಬೆಳೆಗೂ ಇನ್ನೊಂದಕ್ಕೂ ನಡುವೆ ಮನೆ ತೊಳೆದು, ಔಷಧಿ ಹೊಡೆದು, ಬಿಡುವು ಕೊಡಬೇಕು. ಇಲ್ಲದಿದ್ದರೆ ರೋಗ ನಿಲ್ಲುತ್ತದೆ. ಯಜಮಾನರು ಬಿಡುವು ಕೊಡಲಿಲ್ಲ. ಒಂದು ಕಡೆ ಹುಳ ಹಣ್ಣಾಗಿ ಗೂಡು ಕಟ್ಟುತ್ತಿದ್ದರೆ ಇನ್ನೊಂದು ಮೂಲೆಯಲ್ಲಿ ಹೊಸ ಮರಿ ಇರುತ್ತಿದ್ದವು. ಸುಣ್ಣಕಟ್ಟು ರೋಗ ಬಂದು ಹುಳಗಳು ಸುಣ್ಣದ ಕಡ್ಡಿಗಳ ಹಾಗೆ ಬೆಳ್ಳಗೆ ಸೆಟೆದು ಸಾಯುತ್ತಿದ್ದವು. ಗುಡಿಸಿ ಸುಟ್ಟು ಮತ್ತೆ ತರುವರು. ಮುದುಕನಿಗೆ ರೇಷ್ಮೆಯ ಆಸೆ ತಲೆಗೇರಿದೆ ಎಂದರು ಕೆಲವರು, ದುಃಖಕ್ಕೆ ತಲೆಕೆಟ್ಟಿದೆ ಎಂದರು ಇನ್ನು ಕೆಲವರು. ಅವರ ಹೆಂಡತಿ ಬೆನ್ನು ಬಾಗಿದರೂ ಬೇಡವೆನ್ನದೆ ಸೊಪ್ಪು ತರುತ್ತಿದ್ದರು. ಅಷ್ಟು ಹುಳ ಯಾಕೆಂದು ಆಕೆಗೆ ಗೊತ್ತಿತ್ತೋ ಏನೋ, ನಾನು ಕೇಳಲಿಲ್ಲ.

ಕೇಸು ಸಾಕ್ಷಿ ನಿಲ್ಲದೆ ಬಿದ್ದುಹೋಯಿತು. ತಮ್ಮನ ಮಗ ಮದುವೆಯಾದ, ಮಕ್ಕಳಾದವು. ದಿನವೂ ಯಜಮಾನರ ಮನೆ ಮುಂದೆಯೇ ತೋಟಕ್ಕೆ ಹೋಗುತ್ತಿದ್ದ. ಚುನಾವಣೆ ಬಂದಾಗಲೆಲ್ಲ ಕೋವಿ ಸ್ಟೇಷನ್ನಿಗೆ ಹೋಗಿ ಮತ್ತೆ ನಮ್ಮ ಅಟ್ಟಕ್ಕೇ ಬರುತ್ತಿತ್ತು. ಚುನಾವಣೆಯಿಲ್ಲದ ಹೊತ್ತಿನಲ್ಲಿ ಇನ್ನೊಮ್ಮೆ ಅದನ್ನು ಕೊಡಿ ಎಂದು ಯಜಮಾನರು ಬಾಗಿಲಿಗೆ ಬಂದಾರು ಎಂಬ ದಿಗಿಲಿನಲ್ಲೇ ನಾನು ಆ ವರ್ಷಗಳನ್ನು ಕಳೆದೆ. ಅವರು ಬರಲಿಲ್ಲ. ಕೊನೆಗೆ ಒಂದು ದಿನ ಎದೆ ಕಟ್ಟಿಕೊಂಡು ಹುಳದ ಮನೆಯಲ್ಲೇ ಕುಸಿದು ತೀರಿಕೊಂಡರು. ಗಂಡುಮಕ್ಕಳು ಬೇರೆ ಇಲ್ಲದ್ದರಿಂದ ತಮ್ಮನ ಮಗನೇ ತಲೆ ಬೋಳಿಸಿಕೊಂಡು ಮೊದಲ ಹಿಡಿ ಮಣ್ಣು ಹಾಕಿದ. ಆ ಕೈಯನ್ನು ನೋಡಲಾರದೆ ನಾನು ಹೆಂಗಸರ ಹಿಂದೆ ಸರಿದು ನಿಂತೆ. ಕೋವಿಯನ್ನು ನಾನೂ ಅವರ ಹೆಂಡತಿಯೂ ಹೋಗಿ ಸ್ಟೇಷನ್ನಿಗೆ ಒಪ್ಪಿಸಿದೆವು. ಇಷ್ಟು ದಿನ ಎಲ್ಲಿತ್ತು ಎಂದು ಕೇಳಿದ್ದಕ್ಕೆ ಆಕೆ ಮನೆಯಲ್ಲೇ ಇತ್ತು ಸ್ವಾಮಿ ಎಂದರು.

ಆಮೇಲೆ ನನಗೆ ಕುದೂರಿಗೆ ವರ್ಗವಾಯಿತು, ನಿವೃತ್ತಿಯಾದ ಮೇಲೆ ರಾಮನಗರದಲ್ಲಿ ನೆಲೆಸಿದೆ. ಅಮ್ಮ ಹೋದಳು, ಯಜಮಾನರ ಹೆಂಡತಿಯೂ ಹೋದರು. ಹಳೆಯ ಕಾಲದ್ದು ಎಂದು ಮಾತಾಡಲು ನನಗೀಗ ಯಾರೂ ಉಳಿದಿಲ್ಲ, ಯಜಮಾನರ ತಮ್ಮನ ಮಗನೊಬ್ಬನನ್ನು ಬಿಟ್ಟು. ಕಳೆದ ತಿಂಗಳು ಮೊಮ್ಮಗಳ ಮದುವೆಗೆ ಕರೆಯಲು ರಾಮನಗರದ ನನ್ನ ಮನೆಗೆ ಬಂದಿದ್ದ. ತಲೆ ಪೂರ್ತಿ ನರೆತಿದೆ, ನಡಿಗೆ ಥೇಟ್ ಯಜಮಾನರದೇ. ಹೊರಡುವಾಗ ಬಾಗಿಲಲ್ಲಿ ನಿಂತು ಕಣ್ಣು ತುಂಬಿಕೊಂಡ.

"ನಮ್ ದೊಡ್ಡಪ್ಪ ದೇವ್ರಂತೋನು ಟೀಚರಮ್ಮ. ನಂಗೆ ಒಂದ್ ಮಾತೂ ಅನ್ನಲಿಲ್ಲ. ಕ್ಷಮಿಸ್ಬುಟ್ಟಿದ್ದ."

ನಾನು ಹೂಂ ಎಂದೆ. ಮೊಮ್ಮಗಳ ಮದುವೆ ಕರೆಯಲು ಬಂದವನಿಗೆ ಮತ್ತೇನು ಹೇಳಲಿ? ಯಜಮಾನರು ಅವನನ್ನು ಕ್ಷಮಿಸಿರಲಿಲ್ಲ. ಕ್ಷಮಿಸಿದ್ದರೆ ಅಷ್ಟು ಹುಳ ಸಾಕಬೇಕಾಗಿರಲಿಲ್ಲ.